ಅವ್ವನ ಮುಲಾಮಿಗೆ ನಾನೇ ದಂಡನಾಯಕ

ಇಳಕಲ್, ೧೨ ಆಗಸ್ಟ್ ೧೯೮೨, ಗುರುವಾರ

ಊರಿನ ಸಮಸ್ತ ಮಗ್ಗಗಳ ಸಾಕ್ಷಿಯಾಗಿ, ಮುಲಾಮಿನ ಮಹಾದಂಡನಾಯಕನು ಬರೆಸಿದ ಶಾಸನ: ಅವ್ವನ ಕೈ ವಾಸಿಯಾಗಿದೆ!

ನೂಲಿಗೆ ಬಣ್ಣ ಹಾಕಿ ಬಿರಿದ ಕೈಗೆ ತೆಳ್ಳಗೆ, ದಿನಕ್ಕೆ ಎರಡು ಸಲ, ಹತ್ತೇ ದಿನ ಹಚ್ಚಲು ಡಾಕ್ಟರು ಹೇಳಿದ್ದರು. ಅವ್ವ ರೊಟ್ಟಿಗೆ ಬೆಣ್ಣೆ ಸವರಿದಂತೆ ಮೆತ್ತಿಕೊಂಡು, ಹಾಗೇ ಬಣ್ಣದ ಹಂಡೆಗೆ ಕೈಹಾಕುತ್ತಿದ್ದಳು. ಅದಕ್ಕೇ ಟ್ಯೂಬು ನನ್ನ ವಶಕ್ಕೆ ಬಂತು.

ಇವತ್ತು ತಂಗಿ ರತ್ನವ್ವ ಕೈಚಾಚಿದಳು. "ಅಣ್ಣಾ, ನಾಳೆ ನನ್ನ ನೋಡಾಕ ಬರ್ತಾರ. ಮುಖಕ್ಕ ಒಂದೀಟ ಹಚ್ಚಿದ್ರ ಬೆಳ್ಳಗ ಆಗ್ತೇನಂತ."

"ಹುಚ್ಚಿ, ಮುಖದ ಚರ್ಮ ತೆಳ್ಳಗಾಗಿ ಉರಿತೈತಿ ಅಂದಾರ ಡಾಕ್ಟ್ರು. ನೀ ಇದ್ದಂಗ ಚಂದ ಅದಿ."

"ಮತ್ತ ನಿನ್ನ ಮುಖ ಯಾಕ ಮಿಂಚತೈತಿ?"

"ಅದು ಅಧಿಕಾರದ ತೇಜಸ್ಸು!"

ನಗುತ್ತಾ ಹೋದಳು. ತೇಜಸ್ಸಲ್ಲ, ಮುಲಾಮು. ಮೊಡವೆ ಹೋಗಲೆಂದು ನಾಲ್ಕು ದಿನದಿಂದ ಕದ್ದು ಹಚ್ಚಿಕೊಳ್ಳುತ್ತಿದ್ದೇನೆ. ಎರಡಿದ್ದ ಮೊಡವೆ ಏಳಾಗಿವೆ.