ಮಡಿಲಿಗೆ ಹಾಕಿದ ಚಿನ್ನದ ಕಾಸು

ಹೊನ್ನವಳ್ಳಿ
೧೪-೧೧-೨೦೨೪

ಮಗಳು ಲಿಖಿತಾಳಿಗೆ ಶಾಂತಕುಮಾರಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳೋಣವೆಂದರೆ ಕೆಲಸವೇ ಇಲ್ಲ. ಇಂಗ್ಲೆಂಡಿನ ಬಿಸ್ಕತ್ತು ಕಂಪನಿಯವರು ವಿಚಾರಣೆ ಮುಗಿಯುವ ತನಕ ನಮ್ಮ ಕೊಬ್ಬರಿ ಪುಡಿ ಬೇಡವೆಂದಿದ್ದಾರೆ. ಘಟಕದ ಹದಿನೆಂಟು ಹೆಂಗಸರೂ ಬಂದು, ಮೆಷಿನ್ ಒರೆಸಿ, ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋಗುತ್ತೇವೆ.

ರಾಮಕ್ಕ ದಿನವೂ ತನ್ನನ್ನೇ ಬೈದುಕೊಳ್ಳುತ್ತಾಳೆ. "ಆ ಹಾಳು ಫೋಟೋನ ಗ್ರೂಪಿಗೆ ಹಾಕ್ದೆ ಇದ್ದಿದ್ರೆ ಆ ಹುಡ್ಗಿ ಕೆಲ್ಸ ಉಳೀತಿತ್ತು ಕಣಕ್ಕ" ಅನ್ನುತ್ತಾಳೆ. ನೀನು ಕಂಪನಿ ಕಡೆಯಿಂದ ಮಾಲು ಪರೀಕ್ಷೆಗೆ ಬಂದ ದಿನ ನಾವು ನಿನಗೆ ಮಡಿಲು ತುಂಬಿದ ಫೋಟೋ ಅದು. ಏಳು ತಿಂಗಳ ಬಸುರಿ, ತಾಯಿಯಿಲ್ಲದವಳು. ರವಿಕೆ ಕಣ, ಬಳೆ, ಕೊಬ್ಬರಿ, ಬೆಲ್ಲದಚ್ಚು, ಅವುಗಳ ನಡುವೆ ಒಂದು ಚಿನ್ನದ ಕಾಸು. ಫೋಟೋ ಯಾರ್ಯಾರದೋ ಕೈ ದಾಟಿ ಕಂಪನಿಯ ವಕೀಲರಿಗೆ ಮುಟ್ಟಿತು.

ಲಂಚ ಯಾವ ದೇಶದಲ್ಲಿ ನಡೆದರೂ ಅವರ ದೇಶದ ಕೋರ್ಟು ಬಿಡುವುದಿಲ್ಲವಂತೆ. ಅದಕ್ಕೇ ಪರೀಕ್ಷೆಗೆ ಬಂದವರು ಒಂದು ಲೋಟ ಟೀಗಿಂತ ಹೆಚ್ಚು ಮುಟ್ಟಬಾರದಂತೆ. ಆ ವಕೀಲರು ಕಂಪ್ಯೂಟರಿನಲ್ಲಿ ಮುಖ ತೋರಿಸಿ ಕೇಳಿದರು. "ಬಸುರಿ ಹೆಣ್ಮಗಳನ್ನ ಬರಿ ಮಡ್ಲಲ್ಲಿ ಕಳ್ಸಕ್ಕಾಯ್ತದಾ ಸ್ವಾಮಿ? ನಮ್ ಕಡೆ ಶಾಸ್ತ್ರ ಇದು" ಎಂದೆ. ಮಿಕ್ಕವರೂ ತಲೆಯಾಡಿಸಿದರು. "ಅಮ್ಮ ಮಗಳಿಗೆ ಮಾಡೋ ಹಾಗೆ ಮಾಡಿದ್ರು" ಎಂದು ನೀನೂ ಹೇಳಿದೆಯಂತೆ. ಬರೆದುಕೊಂಡರು. ವಾರದಲ್ಲಿ ನಿನ್ನ ಕೆಲಸ ಹೋಯಿತು.

ಈಗ ಮೇಲ್ಮನವಿಗೆಂದು, ಅದು ಬರೀ ಶಾಸ್ತ್ರ, ಬೇರೇನೂ ಇರಲಿಲ್ಲ ಎಂಬ ಕಾಗದವನ್ನು ನನ್ನಿಂದ ಕೇಳಿದ್ದೀಯ. ನಾಲ್ಕು ಸಲ ಬರೆದು ಹರಿದೆ. ಕಡೆಗೊಂದನ್ನು ಕಂಪನಿಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೇನೆ. ನಕಲು ಇದರೊಳಗಿದೆ. ಮಗುವನ್ನು ಮಲಗಿಸಿ ಓದು.

ಕೂಸಿಗೆ ದೃಷ್ಟಿ ತೆಗೆಯುವುದನ್ನು ಮರೆಯಬೇಡ. ನೂರು ವರ್ಷ ಬಾಳಲಿ.

ಇಂತಿ,
ಶಾಂತಕುಮಾರಿ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು: ಮಡಿಲಿಗೆ ನಾವು ಹಾಕುವುದು ಒಂದು ರೂಪಾಯಿ. ಚಿನ್ನವನ್ನು ಹೆತ್ತ ಮಗಳಿಗೂ ನಾನು ಹಾಕಿರಲಿಲ್ಲ. ಆ ಬೆಳಿಗ್ಗೆ ಗೋದಾಮಿನ ಹಿಂದಿನ ಸಾಲಿನ ಪುಡಿ ಮೂಟೆಗಳು ಮುಗ್ಗುಲು ವಾಸನೆ ಹೊಡೆಯುತ್ತಿದ್ದವು. ಗೊತ್ತಿದ್ದದ್ದು ನನಗೊಬ್ಬಳಿಗೆ. ಕಾಸು ಬೇಡವೆಂದು ನೀನು ಎರಡು ಸಲ ಹೇಳಿದೆ. ಮಡಿಲಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಡಬಾರದೆಂದು ನಾನೇ ಬಾಯಿ ಮುಚ್ಚಿಸಿದೆ. ಊಟವಾದ ಮೇಲೆ ನೀನು ಸೊಂಟ ಹಿಡಿದುಕೊಂಡು, "ಅಮ್ಮಾ, ಬಗ್ಗೋಕಾಗ್ತಿಲ್ಲ. ಹಿಂದಿನವೂ ಚೆನ್ನಾಗಿವೆ ತಾನೆ?" ಎಂದೆ. "ಚೆನ್ನಾಗವೆ ಕಣವ್ವ" ಎಂದೆ ನಾನು. ನೀನು ನಂಬಿ ಪರೀಕ್ಷೆಯ ಕಾಗದಕ್ಕೆ ಸಹಿ ಹಾಕಿದೆ.

ಕಂಪನಿಗೆ ಇದನ್ನೇ ಬರೆದಿದ್ದೇನೆ. ಇನ್ನು ಅವರ ಆರ್ಡರ್ ಬರುವುದಿಲ್ಲ. ರಾಮಕ್ಕನಿಗೆ ಇನ್ನೂ ಹೇಳಿಲ್ಲ. ಮಡಿಲು ತುಂಬಿದ ಮನೆ ತವರಿದ್ದ ಹಾಗೆ, ಮಗು ಎತ್ತಿಕೊಂಡು ಬಾ ಎನ್ನಬೇಕು. ಕರೆಯಲು ನನಗೆ ಬಾಯಿಲ್ಲ.