ಫ್ರಿಜ್ಜಿನ ಚಾಡಿ

ಭಾನುವಾರ, ಮಧ್ಯಾಹ್ನ

ಮುದ್ದಿನ ಜಗಳಗಂಟಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾನೂ ಫ್ರಿಜ್ಜೂ ಕ್ಷೇಮ. ಅಲ್ಲಿ ನೀನೂ ನಿನ್ನ ಕೋಪವೂ ಕ್ಷೇಮವೆಂದು ನಂಬಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಹೇಗೆ ಮಾಡಲಿ? ಮುನಿಸಿಕೊಂಡಾಗ ಮೊದಲು ಮಾತಾಡಿದವರು ಸೋತಂತೆ ಎಂಬುದು ನಮ್ಮಿಬ್ಬರಿಗೂ ಹಾಲುಹಲ್ಲು ಬೀಳುತ್ತಿದ್ದ ಕಾಲದ ಕಾನೂನು. ಪತ್ರ ಮಾತಲ್ಲ, ಬರಹ. ಆದ್ದರಿಂದ ನಾನು ಸೋತಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದು.

ನೀನು ದೀಪ, ವಾಷಿಂಗ್ ಮಷೀನು, ಫ್ರಿಜ್ಜು ಎಲ್ಲವನ್ನೂ ಇಂಟರ್ನೆಟ್ಟಿಗೆ ಗಂಟುಹಾಕಿ ಫೋನಿನಲ್ಲೇ ಸಂಸಾರ ನಡೆಸತೊಡಗಿದ್ದೆ. ನಾನು ಕಾದಂಬರಿ ಓದುತ್ತಾ ಕೂತಿದ್ದರೆ, ನೀನು ರಾತ್ರಿ ಪಾಳಿಯಲ್ಲಿದ್ದ ಆಸ್ಪತ್ರೆಯ ಲ್ಯಾಬಿನಿಂದಲೇ ದೀಪ ಆರಿಸಿ ನನ್ನನ್ನು ಮಲಗಿಸುತ್ತಿದ್ದೆ. ಕೊಲೆಗಾರ ಯಾರೆಂದು ತಿಳಿಯುವ ಪುಟದಲ್ಲೇ ಒಮ್ಮೆ ಕತ್ತಲಾಯಿತು. ಮರುದಿನ ನಾನು, "ಈ ಮನೇಲಿ ಯಜಮಾನಿಕೆ ಅಕ್ಕಂದೋ, ನಿನ್ನ ಫೋನಿಂದೋ?" ಎಂದೆ. ನೀನು, "ಹಾಗಾದ್ರೆ ಇನ್ಮೇಲೆ ಆ ಫ್ರಿಜ್ ಹತ್ರಾನೇ ಮಾತಾಡ್ಕೊಂಡಿರು" ಎಂದು ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದೆ.

ಸರಿ, ಮಾತಾಡಿಕೊಂಡಿದ್ದೇನೆ.

ನೀನು ಹೋದ ಮೇಲೆ ಒಂದು ದಿನ ಪ್ರೆಸ್ಸಿನಿಂದ ತಂದ ಶುಭಾಶಯ ಕಾರ್ಡುಗಳಿಗೆ ಪ್ರಾಸ ಹುಡುಕುತ್ತಿದ್ದೆ. 'ಹರುಷ'ಕ್ಕೆ 'ವರುಷ' ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಕೆಳಮನೆಯ ಟೈಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ನಿನ್ನ ಫೋನ್ ಬಂದಿತ್ತಂತೆ, ನಾನು ಫ್ರಿಜ್ಜಿನ ಬಾಗಿಲು ಹಾಕಬೇಕಂತೆ. ಹೋಗಿ ನೋಡಿದರೆ ಕುಕ್ಕರಿನ ಹಿಡಿ ಅಡ್ಡ ಬಂದು ಬಾಗಿಲು ಅರೆತೆರೆದೇ ನಿಂತಿದೆ. ಅಷ್ಟು ದೂರದಿಂದ ನಿನಗೆ ಕಂಡದ್ದಾದರೂ ಹೇಗೆಂದು ಬೆಚ್ಚಿದೆ. ಟೈಲರೇ ಬಿಡಿಸಿ ಹೇಳಿದರು: ಬಾಗಿಲಿನಲ್ಲೊಂದು ಸೆನ್ಸರ್ ಇದೆಯಂತೆ. ಅದು ವೈಫೈಗೆ ದೂರು ಹೇಳುತ್ತದೆ, ವೈಫೈ ಇಂಟರ್ನೆಟ್ಟಿಗೆ, ಇಂಟರ್ನೆಟ್ಟು ನಿನ್ನ ಫೋನಿಗೆ. ನಮ್ಮ ಚಿಕ್ಕಮ್ಮ ಇಷ್ಟೂ ಕೆಲಸವನ್ನು ಯಾವ ಯಂತ್ರವೂ ಇಲ್ಲದೆ ಒಬ್ಬಳೇ ಮಾಡುತ್ತಿದ್ದಳು.

ಆಮೇಲೆ ಬಾಗಿಲು ಹಾಕುವುದು ಪದೇ ಪದೇ ಮರೆತುಹೋಯಿತು. ವಯಸ್ಸಾಯಿತಲ್ಲ, ನಲವತ್ತೈದು ದಾಟಿತು. ಮೊದಲು ಬರೀ ಬಾಗಿಲ ಮಾತು ಬರುತ್ತಿತ್ತು. ಮುಂದಿನ ವಾರ, ಹಳೆಯ ಹಾಲಿದ್ದರೆ ಚೆಲ್ಲಲು ಹೇಳಿ ಎಂದೆಯಂತೆ. ಅದರ ಮುಂದಿನ ವಾರ, ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಾಳಾ, ಕನ್ನಡಕ ಬದಲಾಯಿಸಿದಳಾ ಎಂದು ಕೇಳಿದೆಯಂತೆ. ಯಾವ ಕಂಪನಿಯ ಫ್ರಿಜ್ಜು ಕಣೇ ನನ್ನ ಕನ್ನಡಕ ವಿಚಾರಿಸುವುದು? ಟೈಲರ್ ಇಳಿದುಹೋದ ಮೇಲೆ ಒಬ್ಬಳೇ ನಕ್ಕೆ. ಆ ರಾತ್ರಿ ಮೂರು ಕಾರ್ಡಿಗೆ ಪ್ರಾಸ ತಾನಾಗಿ ಕೂತುಕೊಂಡಿತು.

ಆದರೆ ನಿನ್ನೆ ಟೈಲರ್ ಮುಷ್ಕರ ಹೂಡಿದರು. ಅರ್ಧ ಹೊಲಿದ ತೋಳು ಕೈಯಲ್ಲೇ ಇತ್ತು. ಮೇಲಿನ ಮೆಟ್ಟಿಲಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಾ ಹೇಳಿದರು: "ನೋಡಮ್ಮ, ಹರಿದಿದ್ದನ್ನ ಹೊಲಿಯೋದೇ ನನ್ನ ಕಸುಬು. ಆದ್ರೆ ಎರಡೂ ತುಂಡು ಒಂದ್ ಕಡೆ ಇರ್ಬೇಕು. ಒಂದು ಮೇಲ್ಗಡೆ, ಇನ್ನೊಂದು ಪರ ಊರಲ್ಲಿ, ಮಧ್ಯ ನನ್ನ ಮಂಡಿ. ಹೆಂಗಮ್ಮ ಹೊಲೀಲಿ?"

ಅವರು ನಾಳೆ ಮಗಳ ಮನೆಗೆ ಹೊರಟಿದ್ದಾರೆ, ಬರುವುದು ತಿಂಗಳಾಗುತ್ತದಂತೆ. ತಿಂಗಳಿಡೀ ನಿನ್ನ ಸುದ್ದಿಯಿಲ್ಲದೆ ಇರುವುದು ನನ್ನಿಂದಾಗದು. ಅದಕ್ಕೇ ಈ ಬರಹ. (ಮಾತಲ್ಲ.)

ನಿನ್ನ ಕೋಣೆಯಲ್ಲಿ ನಾನು ಒಂದೇ ಒಂದು ವಸ್ತುವನ್ನೂ ಆಚೀಚೆ ಮಾಡಿಲ್ಲ. ರಜೆ ಸಿಕ್ಕಿದರೆ ಬಾ. ದೀಪ ಬೇಕಾದರೆ ನೀನೇ ಆರಿಸು. ಕೊಲೆಗಾರ ಯಾರೆಂದು ಆಮೇಲೆ ಓದಿಕೊಂಡೆ, ಅಡುಗೆಭಟ್ಟನೇ.

ಕೊನೆಗೊಂದು ಪದ್ಯ. ಕಾರ್ಡಿಗಲ್ಲ, ನಿನಗೆ:

ಬಾಗಿಲು ತೆರೆದರೆ ಫ್ರಿಜ್ಜಿಗೆ ಗೋಳು,
ಬಾಯಿ ಮುಚ್ಚಿದರೆ ನಮ್ಮಿಬ್ಬರ ಬಾಳು ಹಾಳು.

ಇಂತಿ,
ಇನ್ನೂ ಸೋಲದ ನಿನ್ನ ಅಕ್ಕ

ತಾ.ಕ.: ಕುಕ್ಕರಿನ ಹಿಡಿ ಅಡ್ಡ ಬಂದದ್ದು ಮೊದಲ ಸಲ ಮಾತ್ರ. ಆಮೇಲಿನದಕ್ಕೆಲ್ಲ ಮರೆವು ಕಾರಣವಲ್ಲ, ನಾನೇ ಕಾರಣ. ಪತ್ರ ಬುಧವಾರ ನಿನ್ನ ಕೈ ಸೇರುತ್ತದೆ ಎಂದು ಕೊರಿಯರಿನವರು ಹೇಳಿದ್ದಾರೆ. ಅವತ್ತು ಸಂಜೆ ಹಾಲು ಮೊಸರು ಎಲ್ಲ ಹೊರಗಿಟ್ಟು, ಬಾಗಿಲು ಪೂರ್ತಿ ತೆರೆದು, ಎದುರಿಗೆ ಕುರ್ಚಿ ಹಾಕಿ ಕೂರುತ್ತೇನೆ. ಟೈಲರ್ ಇರುವುದಿಲ್ಲ, ನನಗೇ ಫೋನ್ ಮಾಡು. ಸೋತವರು ಯಾರೆಂಬ ಚಿಂತೆ ಬೇಡ: ಮೊದಲು ಬಾಯಿ ಬಿಟ್ಟದ್ದು ಫ್ರಿಜ್ಜು.