ಜೇಬಿನೊಳಗಿನ ನಾಲ್ಕು ಪುಸ್ತಕ

ಮಂಗಳವಾರ, ಜೂನ್ ೧೪

ಕೊಳ್ಳಬೇಕಾದ ಪುಸ್ತಕಗಳ ಪಟ್ಟಿ ಕೊನೆಗೂ ಸಿಕ್ಕಿತು, ಹಲ್ಲಿನ ಡಾಕ್ಟರ ಪ್ಯಾಂಟಿನಲ್ಲಿ. ಹೊಲಿಯುವಾಗ ರೇಡಿಯೊದಲ್ಲಿ ಒಳ್ಳೆಯ ಪುಸ್ತಕದ ಹೆಸರು ಕೇಳಿದರೆ ಕೈಗೆ ಸಿಕ್ಕಿದ ಬಟ್ಟೆಯ ಮೇಲೆ ಗೀಚಿಡುವುದು ನನ್ನ ಹಾಳು ಅಭ್ಯಾಸ. ಈ ಸಲ ಕೈಗೆ ಸಿಕ್ಕಿದ್ದು ಅವರ ಜೇಬಿನ ಬಿಳಿ ಬಟ್ಟೆ. ಹಾಗೇ ಹೊಲಿದು ಕೊಟ್ಟುಬಿಟ್ಟಿದ್ದೇನೆ.

ಇವತ್ತು ಅವರು ಅಂಗಡಿಗೆ ಬಂದು ಜೇಬು ಹೊರಗೆಳೆದು ತೋರಿಸಿದರು.

"ಒಗೆಯೋಕೆ ಹಾಕುವಾಗ ನನ್ನ ಹೆಂಡ್ತಿ ನೋಡಿದ್ಳು, ಟೈಲರಮ್ಮ. ಅವಳಿಗೆ ಕೊಡಿಸೋಕೆ ನಾನೇ ಗುಟ್ಟಾಗಿ ಬರ್ಕೊಂಡಿದೀನಿ ಅಂದ್ಕೊಂಡ್ಳು. ಮದುವೆಯಾದಾಗಿನಿಂದ ಅಷ್ಟು ಪ್ರೀತಿಯಿಂದ ಕಾಫಿ ಕೊಟ್ಟಿರಲಿಲ್ಲ."

"ಮತ್ತೆ ನೀವೇನಂದ್ರಿ?"

"ಏನನ್ನೋದು? ನಾಲ್ಕೂ ತಂದ್ಕೊಟ್ಟೆ." ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಪ್ಯಾಂಟು ಬೇಕು. ಜೇಬು ಸ್ವಲ್ಪ ದೊಡ್ಡದಿರಲಿ," ಎಂದರು.

ನಾನು ಆಸೆಪಟ್ಟ ಪುಸ್ತಕಗಳನ್ನು ನನಗಿಂತ ಮೊದಲು ಆಕೆ ಓದುತ್ತಿದ್ದಾರೆ. ಸಂಜೆಯಿಡೀ ಹೊಟ್ಟೆ ಉರಿಯಿತು. ಈಗಷ್ಟೇ ಹೊಸ ಜೇಬು ಕತ್ತರಿಸಿ ಮೂರು ಹೆಸರು ಬರೆದೆ. ಕೆಳಗೆ, ಡಾಕ್ಟರೇ ತಮ್ಮ ನೆನಪಿಗೆ ಬರೆದುಕೊಂಡ ಹಾಗೆ, ಒಂದು ಸಾಲು ಸೇರಿಸಿದೆ: "ಅವಳು ಓದಿ ಮುಗಿಸಿದ ಮೇಲೆ ಟೈಲರಮ್ಮನಿಗೆ ಕೊಡುವುದು."